ಬೋಟಿನ ಫೈಬರ್ ಸೈಲೆನ್ಸರ್ ಸೀಳಿದ್ರೆ ಗಟ್ಟಿ ರಿಪೇರಿ ಮಾಡೂದು ಹೇಗೆ

ಬಿಲ್ಜಿನಲ್ಲಿ, ಅಂದ್ರೆ ಬೋಟಿನ ಒಳಗೆ ತಳದಲ್ಲಿ ನೀರು ನಿಲ್ಲೂ ಜಾಗದಲ್ಲಿ, ನೀರು ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಆಗ್ತಾ ಇದೆ, ಶಾಫ್ಟಿನ ಸುತ್ತ ನೀರು ತಡೆಯೂ ಗ್ಲ್ಯಾಂಡ್ ನೋಡಿದ್ರೆ ಸರಿ ಇದೆ, ಬೋಟಿನ ತಳದಲ್ಲಿ ತೂತು ಇಲ್ಲ, ಆದ್ರೆ ಇಂಜಿನ್ ಚಾಲೂ ಇದ್ದಾಗ ಮಾತ್ರ ನೀರು ಏರ್ತದೆ, ಆ ನೀರಿಗೆ ಹೊಗೆ ವಾಸನೆ, ಮೇಲೆ ಕಪ್ಪು ಮಸಿ ತೇಲ್ತಾ ಇರ್ತದೆ. ಹೀಗಾದ್ರೆ ಬೇರೆ ಎಲ್ಲೂ ಹುಡುಕಬೇಡಿ, ಟಾರ್ಚ್ ಹಿಡ್ಕೊಂಡು ಸೀದಾ ಹಿಂದಿರೋ ಫೈಬರ್ ಸೈಲೆನ್ಸರ್ ನೋಡಿ. ಅದರ ಮೈಮೇಲೆ ಬಿಳಿ ಉಪ್ಪಿನ ಗೆರೆ, ಗೆರೆಯ ನಡುವೆ ಮಸಿ ಕಂಡ್ರೆ ಅಲ್ಲೇ ಸೀಳು ಇದೆ.

ನಾವೆಲ್ಲ ಅದಕ್ಕೆ ಸೈಲೆನ್ಸರ್ ಅಂತನೇ ಹೇಳೂದು, ಕಂಪನಿ ಪುಸ್ತಕದಲ್ಲಿ ಮಫ್ಲರ್, ವಾಟರ್ ಲಿಫ್ಟ್ ಅಂತ ಇರ್ತದೆ. ಹೊಗೆ ಸೀದಾ ಮೇಲಕ್ಕೆ ಹೋಗೂ ಕಬ್ಬಿಣದ ಕೊಳವೆ ಇರೂ ಟ್ರಾಲರಿಗೆ ಈ ಲೆಕ್ಕ ಇಲ್ಲ. ಹೊಗೆಗೆ ಸಮುದ್ರದ ನೀರು ಸೇರಿಸಿ ಹಿಂದಿಂದ ಹೊರಗೆ ಬಿಡೂ ಬೋಟುಗಳ ಮಾತು ಇದು, ಅಂದ್ರೆ ಒಳಗೆ ಇಂಜಿನ್ ಇರೂ ಟೂರಿಸ್ಟ್ ಬೋಟು, ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗೂ ಡೈವಿಂಗ್ ಬೋಟು ಇಂಥವು. ನಮ್ಮದು 28 ಫೂಟಿನ ಬೋಟು, ಕಾರವಾರದ ಕೋಡಿಬಾಗದಿಂದ ಕಾಳಿ ನದಿ ಬಾಯಿ ದಾಟಿ ದೇವಬಾಗ, ಕೂರ್ಮಗಡ ಕಡೆ ಜನ ಕರ್ಕೊಂಡು ಹೋಗೂದು.

ಮೊದ್ಲು ಅದು ಕೆಲಸ ಮಾಡೂ ರೀತಿ ತಿಳ್ಕೊಳ್ಳಿ, ಇಲ್ಲಾಂದ್ರೆ ಸೀಳು ಯಾಕೆ ಬಂತು ಅಂತ ಗೊತ್ತಾಗೂದಿಲ್ಲ. ಸಮುದ್ರದ ನೀರು ತಳದ ವಾಲ್ವಿನಿಂದ ಒಳಗೆ ಬಂದು, ಜಾಲರಿ ದಾಟಿ, ರಬ್ಬರ್ ಇಂಪೆಲ್ಲರ್ (ರೆಕ್ಕೆ ಚಕ್ರ) ಇರೂ ಪಂಪಿಗೆ ಹೋಗಿ, ಹೀಟ್ ಎಕ್ಸ್‌ಚೇಂಜರಿನಲ್ಲಿ ಇಂಜಿನ್ನಿನ ಬಿಸಿ ಎಳ್ಕೊಂಡು, ಕೊನೆಗೆ ಎಕ್ಸಾಸ್ಟ್ ಎಲ್ಬೋದಲ್ಲಿ, ಅಂದ್ರೆ ಹೊಗೆ ಹೋಗೂ ಬಾಗಿದ ಪೈಪಿನಲ್ಲಿ, ಹೊಗೆ ಜೊತೆ ಸೇರ್ತದೆ. ಡೀಸೆಲ್ ಇಂಜಿನ್ ಲೋಡಿನಲ್ಲಿ ಇದ್ದಾಗ ಹೊಗೆಯ ಬಿಸಿ 400, 500 ಡಿಗ್ರಿ ಇರ್ತದೆ, ನೀರು ಬಿದ್ದ ತಕ್ಷಣ ಅದು 50, 60 ಡಿಗ್ರಿಗೆ ಇಳೀತದೆ. ಇಷ್ಟಿದ್ರೇನೇ ಆಮೇಲಿನ ರಬ್ಬರ್ ಹೋಸು ಮತ್ತೆ ಫೈಬರ್ ಡಬ್ಬಿ, ಅಂದ್ರೆ ಸೈಲೆನ್ಸರ್, ಬದುಕೂದು. ಡಬ್ಬಿಯ ತಳದಲ್ಲಿ ನೀರು ನಿಲ್ತದೆ, ಹೊರಗೆ ಹೋಗೂ ಪೈಪು ಒಳಗಡೆ ತಳದ ಹತ್ತಿರ ತನಕ ಇಳಿದಿರ್ತದೆ, ಹಿಂದಿಂದ ಬರೂ ಹೊಗೆ ಒತ್ತಿದ ಹಾಗೆ ನೀರು ಆ ಪೈಪಿನಲ್ಲಿ ಮೇಲೇರಿ ಹೊರಗೆ ಬೀಳ್ತದೆ. ಬಾಯಿ ಬಿಗಿ ಮಾಡಿದ ಬಾಟ್ಲಿಗೆ ಎರಡು ಸ್ಟ್ರಾ ಹಾಕಿ ಒಂದರಲ್ಲಿ ಊದಿದ್ರೆ ಇನ್ನೊಂದರಲ್ಲಿ ನೀರು ಬರ್ತದಲ್ಲ, ಅದೇ ಕೆಲಸ.

ಸ್ಟೀಲಿಂದು ಹಾಕಿದ್ರೆ ಆಗೂದಿಲ್ವಾ ಅಂತ ಕೇಳ್ತಾರೆ. ಡೀಸೆಲ್ಲಿನಲ್ಲಿ ಇರೂ ಗಂಧಕ ಸುಟ್ಟು ನೀರಿಗೆ ಸೇರಿ ಆಸಿಡ್ ಆಗ್ತದೆ, ಅದಕ್ಕೆ ಉಪ್ಪು, ಬಿಸಿ ಎರಡೂ ಸೇರ್ಕೊಂಡ್ರೆ ಒಳ್ಳೆ ಸ್ಟೇನ್‌ಲೆಸ್ ಸ್ಟೀಲನ್ನೂ ವೆಲ್ಡಿಂಗ್ ಜಾಗದಲ್ಲಿ ತಿಂದು ಹಾಕ್ತದೆ. ಫೈಬರಿಗೆ ಆ ತೊಂದ್ರೆ ಇಲ್ಲ, ಅದಕ್ಕೆ ಆಗದೇ ಇರೂದು ನೀರಿಲ್ಲದ ಬಿಸಿ ಮತ್ತೆ ಅಲುಗಾಟ.

ರಿಪೇರಿಗಿಂತ ಮುಂಚೆ ಇನ್ನೊಂದು ಮಾತು. ಸೀಳಿನಿಂದ ಬರೂದು ಬರೇ ನೀರಲ್ಲ, ಹೊಗೆನೂ ಬರ್ತದೆ, ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಮುಚ್ಚಿದ ಕ್ಯಾಬಿನ್ನಿನಲ್ಲಿ ಮಲಗಿದವನಿಗೆ ತಲೆನೋವು ಬಂದು ಎದ್ದೇಳೂ ಮೊದಲೇ ಜೀವ ಹೋಗಬಹುದು. ಡೀಸೆಲ್ಲಿನಲ್ಲಿ ಪೆಟ್ರೋಲಿಗಿಂತ ಕಡಿಮೆ ಇರ್ತದೆ ಹೌದು, ಆದ್ರೆ ಇಲ್ಲ ಅಂತ ಅಲ್ಲ. ಸೋರ್ತಾ ಇರೂ ಸೈಲೆನ್ಸರ್ ಇಟ್ಕೊಂಡು, ಬಿಲ್ಜ್ ಪಂಪ್ ಇದೆಯಲ್ಲ ಅಂತ ಸೀಸನ್ ಮುಗಿಸೂದು ಬೇಡ, ದಯವಿಟ್ಟು. ಬೋಟಿನಲ್ಲಿ ಮಕ್ಕಳು ಕೂತಿರ್ತಾರೆ.

ನಮ್ಮದು ಹೇಗೆ ಒಡೀತು ಅಂದ್ರೆ, ಡಿಸೆಂಬರಿನ ಒಂದು ಭಾನುವಾರ, ನದಿ ಬಾಯಿಯಲ್ಲಿ ಇಳಿತದ ನೀರು ಕಸ ಎಲ್ಲ ತಂದಿತ್ತು, ಒಂದು ಪ್ಲಾಸ್ಟಿಕ್ ಚೀಲ ತಳದ ವಾಲ್ವಿಗೆ ಅಂಟಿಕೊಂಡು ನೀರು ಬಂದ್ ಆಯ್ತು. ಟೆಂಪರೇಚರ್ ಅಲಾರಂ ಹೊಡೆಯೂದು ಇಂಜಿನ್ನಿನ ಒಳಗಿನ ಕೂಲಂಟ್ ಕಾದ ಮೇಲೆ, ಅಷ್ಟರಲ್ಲಿ ನಾಲ್ಕೈದು ನಿಮಿಷ ಒಣ ಹೊಗೆ ಸೈಲೆನ್ಸರಿಗೆ ಹೋಗಿ ಆಗಿತ್ತು. ಇಂಜಿನ್ನಿಗೆ ಏನೂ ಆಗಿಲ್ಲ ಅಂತ ಸಮಾಧಾನ ಮಾಡ್ಕೊಂಡ್ವಿ. ಒಂದು ವಾರ ಆದ ಮೇಲೆ ಬಿಲ್ಜಿನಲ್ಲಿ ಮಸಿ ನೀರು. ಆವಾಗ ನಾನು ಮಾಡಿದ್ದು ಏನಂದ್ರೆ, ಕೈಯಲ್ಲಿ ಕಲಸೂ ಪುಟ್ಟಿ ತಂದು ಸೀಳಿನ ಮೇಲೆ ಮೆತ್ತಿ ಬಿಟ್ಟೆ, ಮೂರನೇ ದಿನಕ್ಕೆ ಪುಟ್ಟಿ ಬಿಲ್ಲೆ ಹಾಗೆ ಕಳಚಿ ಬಿತ್ತು, ಅದರ ಹಿಂಬದಿ ನೋಡಿದ್ರೆ ಮಸಿ ಮತ್ತೆ ಎಣ್ಣೆ, ಫೈಬರಿನ ಒಂದು ಚೂರೂ ಹಿಡ್ಕೊಂಡಿರಲಿಲ್ಲ. ಅಂಕೋಲಾ ಕಡೆ ಫೈಬರ್ ಬೋಟು ಕಟ್ಟೂ ಒಬ್ರು ಹಿರಿಯರು ಇದ್ದಾರೆ, ಅವರ ಹತ್ರ ತಗೊಂಡು ಹೋದೆ. ಅವರು ಡಬ್ಬಿಯನ್ನ ಎತ್ತಿ ಅಲುಗಾಡಿಸಿ, ಕಿವಿ ಹತ್ರ ಹಿಡಿದು, "ತಮಾ, ಇದು ಎಲ್ಲಿ ಒಡೆದದೆ ಅಂತ ಆಮೇಲೆ ನೋಡ್ವ, ಯಾಕೆ ಒಡೀತು ಅಂತ ಮೊದ್ಲು ಹೇಳು" ಅಂದ್ರು. ಕೆಳಗೆ ಬರೆದದ್ದು ಜಾಸ್ತಿ ಅವರಿಂದ ಕಲಿತದ್ದು, ಆಮೇಲೆ ನಾನೇ ಇನ್ನೂ ಮೂರು ಮಾಡಿ ನೋಡಿದ್ದು.

ಸೀಳು ಇರೂ ಜಾಗನೇ ಕಾರಣ ಹೇಳ್ತದೆ. ಒಳಗೆ ಬರೂ ಪೈಪಿನ ಕುತ್ತಿಗೆಯಲ್ಲಿ, ಅಂದ್ರೆ ಪೈಪು ಡಬ್ಬಿಗೆ ಸೇರೂ ಮೂಲೆಯಲ್ಲಿ ಸುತ್ತಲೂ ಸೀಳು ಇದ್ರೆ ಅದು ಅಲುಗಾಟದ ಸೀಳು, ಹೋಸಿಗೆ ಆಧಾರ ಇಲ್ಲ, ಇಂಜಿನ್ ಕುಣಿದಷ್ಟೂ ಆ ಕುತ್ತಿಗೆನೇ ತಡ್ಕೊಳ್ತಾ ಇದೆ, ಇಂಜಿನ್ನಿನ ರಬ್ಬರ್ ಮೌಂಟಿಂಗೂ ನೋಡಿ, ಸತ್ತಿರಬಹುದು. ಹೋಸ್ ಕೂರೂ ಜಾಗದಲ್ಲಿ ಉದ್ದಕ್ಕೆ ಸೀಳು ಇದ್ರೆ ಕ್ಲಿಪ್ಪನ್ನ ಅತಿಯಾಗಿ ಬಿಗಿ ಮಾಡಿದ್ದು. ತಳದಲ್ಲಿ ಇದ್ರೆ ಕೂರಿಸಿದ ಜಾಗ ಸಮ ಇಲ್ಲ, ಪಟ್ಟಿ ಬಿಗಿದಾಗ ಒಂದು ಮೂಲೆ ಮಾತ್ರ ಭಾರ ಹೊತ್ತಿದೆ. ಹೊಗೆ ಬಂದು ಬಡಿಯೂ ಗೋಡೆಯಲ್ಲಿ ಜೇಡರ ಬಲೆ ಹಾಗೆ ಸಣ್ಣ ಸಣ್ಣ ಬಿರುಕು, ಬಣ್ಣ ಕಂದು, ಅಂದ್ರೆ ನೀರಿಲ್ಲದೆ ಓಡಿದ್ದು, ನಮ್ಮದರ ಹಾಗೆ.

ಈಗ ರಿಪೇರಿ ಮಾಡೂದಾ ಬಿಸಾಕೂದಾ. ಡಬ್ಬಿ ಬಿಚ್ಚಿ, ನೀರು ಖಾಲಿ ಮಾಡಿ, ಅಲುಗಾಡಿಸಿ. ಒಳಗೆ ಏನಾದ್ರೂ ಲೊಡಲೊಡ ಅಂದ್ರೆ ಒಳಗಿನ ಅಡ್ಡಗೋಡೆ ಕಿತ್ತಿದೆ, ಅದನ್ನ ಹೊರಗಿಂದ ಸರಿ ಮಾಡ್ಲಿಕ್ಕೆ ಆಗೂದಿಲ್ಲ, ಅಷ್ಟೇ ಅಲ್ಲ, ಆ ತುಂಡು ಹೊರಹೋಗೂ ಪೈಪಿಗೆ ಅಡ್ಡ ನಿಂತ್ರೆ ನೀರು ಇಂಜಿನ್ ಕಡೆ ವಾಪಸ್ ಹೋಗ್ತದೆ. ಆಮೇಲೆ ಒಂದು ನಾಣ್ಯ ತಗೊಂಡು ಇಡೀ ಮೈ ತಟ್ಟಿ ನೋಡಿ. ಗಟ್ಟಿ ಜಾಗ ಟಣ್ ಟಣ್ ಅಂತದೆ, ಪದರ ಬಿಟ್ಟ ಜಾಗ ಹಣ್ಣಾದ ಹಲಸಿನಕಾಯಿ ತಟ್ಟಿದ ಹಾಗೆ ದಬ್ ದಬ್ ಅಂತದೆ. ದಬ್ ಅನ್ನೂ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಗೆರೆ ಹಾಕ್ತಾ ಹೋಗಿ. ಅದು ಅಂಗೈ ಅಗಲ ಇದ್ರೆ ರಿಪೇರಿ ಆಗ್ತದೆ. ಅರ್ಧ ಡಬ್ಬಿಯೇ ದಬ್ ಅಂದ್ರೆ, ಅಥವಾ ಬೆರಳು ಹಾಕಿ ಒಳಗೆ ಉಜ್ಜಿದಾಗ ರೆಸಿನ್ (ಫೈಬರಿನ ಗಾಜಿನ ನೂಲನ್ನ ಹಿಡಿದಿಡೂ ಅಂಟು) ಇಲ್ಲದ ಬರೀ ನೂಲು ಕೈಗೆ ಬಂದ್ರೆ, ರೆಸಿನ್ ಸುಟ್ಟು ಹೋಗಿದೆ ಅಂತ, ಹೊಸದು ತಗೊಳ್ಳಿ. ಇಂಥದಕ್ಕೆ ಎರಡು ದಿನ ಹಾಳು ಮಾಡೂದು ಬೇಡ.

ಬಿಚ್ಚುವಾಗ ಮೊದ್ಲು ತಳದ ನೀರಿನ ವಾಲ್ವ್ ಬಂದ್ ಮಾಡಿ. ಬೋಟು ನೀರಲ್ಲೇ ಇದ್ರೆ ಹಿಂದಿನ ಹೊರಗಿನ ತೂತಿಗೆ ಮರದ ಬಿರಡೆಗೆ ಬಟ್ಟೆ ಸುತ್ತಿ ಬಡೀರಿ, ಅಲೆ ಬಂದ್ರೆ ಅಲ್ಲಿಂದ ನೀರು ಒಳಗೆ ಬರ್ತದೆ. ಹೋಸು ಅಂಟಿಕೊಂಡಿದ್ರೆ ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ, ಸೀಳು ಇಲ್ಲದ ಕುತ್ತಿಗೆನೂ ಸೀಳ್ತದೆ. ಬಿಸಿ ನೀರು ಹೊಯ್ದು ತಿರುಚಿ, ಅಷ್ಟಕ್ಕೂ ಬರದಿದ್ರೆ ಹೋಸನ್ನೇ ಉದ್ದಕ್ಕೆ ಕೊಯ್ದು ಬಿಡಿ, ಹೋಸು ಹೋದ್ರೆ ಹೋಯ್ತು.

ತೊಳೆಯೂದ್ರಲ್ಲಿ ಅರ್ಧ ಕೆಲಸ ಇದೆ. ಸಿಹಿ ನೀರಿಗೆ ಪಾತ್ರೆ ತೊಳೆಯೂ ಲಿಕ್ವಿಡ್ ಹಾಕಿ ಒಳಗೆ ತುಂಬಿಸಿ ಕುಲುಕಿ ಚೆಲ್ಲಿ, ಮಸಿ ಬರೂದು ನಿಲ್ಲೂ ತನಕ ಮೂರು ನಾಲ್ಕು ಸಲ. ಉಪ್ಪು ಉಳಿದ್ರೆ ಅದು ಗಾಳಿಯ ತೇವ ಎಳ್ಕೊಳ್ತಾನೇ ಇರ್ತದೆ, ಫೈಬರ್ ಯಾವತ್ತೂ ಒಣಗೂದಿಲ್ಲ. ಆಮೇಲೆ ಬಿಸಿಲಿಗೆ ಎರಡು ದಿನ, ಬಾಯಿ ಕೆಳಗೆ ಮಾಡಿ. ಸೀಳಿನ ಒಳಗೆ ನೀರು ಕೂತಿರ್ತದೆ, ಹೊರಗಿಂದ ಒಣಗಿದ ಹಾಗೆ ಕಾಣ್ತದೆ ಅಷ್ಟೇ, ನಾನು ಸೀಳಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ತುಂಡನ್ನ ಟೇಪ್ ಮಾಡಿ ಬಿಸಿಲಿಗೆ ಇಡ್ತೇನೆ, ಒಂದು ತಾಸಿಗೆ ಪ್ಲಾಸ್ಟಿಕ್ಕಿನ ಒಳಬದಿ ಬೆವರು ಹನಿ ಕಂಡ್ರೆ ಇನ್ನೂ ಒಂದು ದಿನ.

ಒಣಗಿದ ಮೇಲೆ ಸೀಳು ಎಲ್ಲಿ ತನಕ ಹೋಗಿದೆ ಅಂತ ಸರಿಯಾಗಿ ನೋಡೂದು. ಪೇಂಟ್ ಇದ್ರೆ ಉಜ್ಜಿ ತೆಗೀರಿ. ಕತ್ತಲೆ ಕೋಣೆಯಲ್ಲಿ ಡಬ್ಬಿಯ ಒಳಗೆ ಮೊಬೈಲ್ ಟಾರ್ಚ್ ಹಿಡಿದ್ರೆ ಫೈಬರು ಜೇನು ಬಣ್ಣಕ್ಕೆ ಹೊಳೀತದೆ, ಸೀಳು ಇರೂದು ಕಪ್ಪು ಕೂದಲು ಬಿದ್ದ ಹಾಗೆ ಕಾಣ್ತದೆ, ಪದರ ಬಿಟ್ಟದ್ದು ಮಂಜು ಮಂಜು ಬಿಳಿ. ನಮ್ಮದು ಹೊರಗಿಂದ ಎರಡು ಇಂಚು ಅಂದ್ಕೊಂಡಿದ್ದೆ, ಟಾರ್ಚ್ ಹಿಡಿದಾಗ ಐದು ಇಂಚು ಹೋಗಿತ್ತು.

ಈಗ ಗ್ರೈಂಡರ್. ಮೊದ್ಲು ಅಸಿಟೋನ್ ಹಾಕಿ ಒರೆಸಿ, ಆಮೇಲೆ ಉಜ್ಜೂದು, ಈ ಕ್ರಮ ತಪ್ಪಬಾರದು. ಎಣ್ಣೆ ಇರೂವಾಗಲೇ ಉಜ್ಜಿದ್ರೆ ಎಣ್ಣೆಯನ್ನ ಫೈಬರಿನ ಒಳಗೇ ತಿಕ್ಕಿದ ಹಾಗೆ. ಒಂದು ಬಟ್ಟೆಯಲ್ಲಿ ಹಚ್ಚಿ, ಅದು ಆರೂ ಮೊದ್ಲು ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಿ ತೆಗೀರಿ, ಬಟ್ಟೆ ಬಿಳಿ ಉಳಿಯೂ ತನಕ. ಮೈತುಂಬ ಅಂಗಿ, ಕಣ್ಣಿಗೆ ಕನ್ನಡಕ, ಮೂಗಿಗೆ ಧೂಳಿನ ಒಳ್ಳೆ ಮಾಸ್ಕ್, ಟವೆಲ್ ಕಟ್ಟಿಕೊಂಡ್ರೆ ಸಾಲೂದಿಲ್ಲ, ಆ ಗಾಜಿನ ಪುಡಿ ಕಣ್ಣಿಗೆ ಕಾಣದಷ್ಟು ಸಣ್ಣದು. ಕೆಲಸ ಆದ ಮೇಲೆ ತಣ್ಣೀರಲ್ಲಿ ತೊಳ್ಕೊಳ್ಳಿ, ಕೈ ಉಜ್ಜಬೇಡಿ, ಸುಮ್ನೆ ನೀರು ಬಿಡಿ. ಬಟ್ಟೆಯನ್ನ ಮನೆಯವರ ಬಟ್ಟೆ ಜೊತೆ ಒಗೀಲಿಕ್ಕೆ ಹಾಕಬೇಡಿ, ಮಕ್ಕಳಿಗೆ ತುರಿಕೆ ಬರ್ತದೆ.

ಸೀಳಿನ ಎರಡೂ ತುದಿಗೆ 3 ಎಂಎಂ ಡ್ರಿಲ್ಲಿನಲ್ಲಿ ಒಂದೊಂದು ತೂತು ಹಾಕಿ, ಸೀಳು ಮುಂದೆ ಓಡೂದು ಅಲ್ಲಿಗೆ ನಿಲ್ತದೆ. 36 ಅಥವಾ 40 ನಂಬರಿನ ಡಿಸ್ಕ್ ಹಾಕಿ ಸೀಳಿನ ಉದ್ದಕ್ಕೂ ಉಜ್ಜಿ, ನಡುವೆ ಆಳ, ಹೊರಗೆ ಹೋದ ಹಾಗೆ ತೆಳು, ಬಟ್ಟಲಿನ ಹಾಗೆ ಇಳಿಜಾರು ಬರಬೇಕು. ಎಷ್ಟು ಅಗಲ ಅಂದ್ರೆ, ಗೋಡೆ ದಪ್ಪದ 12 ಪಟ್ಟು, ಒಂದೊಂದು ಬದಿಗೆ. ಡಬ್ಬಿಯ ಗೋಡೆ 5 ಎಂಎಂ ಇದ್ರೆ ಸೀಳಿನ ಆಚೆ 60 ಎಂಎಂ, ಈಚೆ 60 ಎಂಎಂ. ಇಷ್ಟು ದೊಡ್ಡದಾ ಅಂತ ಎಲ್ಲರಿಗೂ ಅನಿಸ್ತದೆ, ಒಳ್ಳೆ ಫೈಬರನ್ನ ಕೈಯಾರೆ ಕೆರೆದು ತೆಗೀಲಿಕ್ಕೆ ಮನಸ್ಸು ಬರೂದಿಲ್ಲ, ನನಗೂ ಬರಲಿಲ್ಲ. ಆದ್ರೆ ಹೊಸ ಪದರ ಹಳೇದಕ್ಕೆ ಹಿಡ್ಕೊಳ್ಳೂದು ಬರೇ ಅಂಟಿನ ಬಲದಿಂದ, ಅಗಲ ಜಾಸ್ತಿ ಇದ್ದಷ್ಟೂ ಒಂದೊಂದು ಇಂಚಿನ ಮೇಲೆ ಬೀಳೂ ಎಳೆತ ಕಡಿಮೆ. ಪದರ ಬಿಟ್ಟ ಮಂಜು ಬಿಳಿ ಜಾಗ ಪೂರಾ ಹೋಗೂ ತನಕ ಉಜ್ಜಿ. ಡಬ್ಬಿಯ ಒಳಗೆ ಕೈ ಹೋಗೂ ಹಾಗಿದ್ರೆ ಒಳಬದಿನೂ ಉಜ್ಜಿ ಎರಡು ಪದರ ಹಾಕೂದು ಒಳ್ಳೇದು, ಸುಮಾರು ಡಬ್ಬಿಯಲ್ಲಿ ಕೈ ಹೋಗೂದಿಲ್ಲ.

ರೆಸಿನ್ ಯಾವುದು ಅಂತ ಎಲ್ಲರೂ ತಪ್ಪೂದು ಇಲ್ಲೇ. ಅಂಗಡಿಯಲ್ಲಿ ಸುಲಭಕ್ಕೆ ಸಿಗೂ ಪಾಲಿಯೆಸ್ಟರ್ ರೆಸಿನ್ ಬೋಟಿನ ಮೈಗೆ ಸಾಕು, ಸೈಲೆನ್ಸರಿನ ಬಿಸಿಗೆ ಅದು ಬೇಗ ಮೆತ್ತಗಾಗ್ತದೆ, ಮತ್ತೆ ಹಳೇ ಫೈಬರಿನ ಮೇಲೆ ಅದರ ಹಿಡಿತನೂ ಅಷ್ಟಕ್ಕಷ್ಟೇ. ಎಪಾಕ್ಸಿ ಹಿಡಿತಕ್ಕೆ ರಾಜ, ಆದ್ರೆ ಮಾಮೂಲಿ ಎಪಾಕ್ಸಿಯನ್ನ ನೆರಳಲ್ಲಿ ಒಣಗಿಸಿದ್ರೆ 50, 60 ಡಿಗ್ರಿಗೆ ಮೆತ್ತಗಾಗೂಕೆ ಶುರು ಆಗ್ತದೆ, ಅಂದ್ರೆ ಸೈಲೆನ್ಸರ್ ದಿನಾ ಕೆಲಸ ಮಾಡೂ ಬಿಸಿಯಲ್ಲೇ. ಬಿಸಿ ತಡೆಯೂ ಎಪಾಕ್ಸಿ ಅಂತ ಬೇರೆ ಸಿಗ್ತದೆ, ಅದನ್ನ ಹಾಕಿ ಡಬ್ಬದ ಮೇಲೆ ಬರೆದ ಹಾಗೆ ಬಿಸಿ ಕೊಟ್ಟು ಒಣಗಿಸಿದ್ರೆ ತೊಂದ್ರೆ ಇಲ್ಲ. ನಾನು ಹಾಕೂದು ವಿನೈಲ್ ಎಸ್ಟರ್. ಅದು 100 ಡಿಗ್ರಿ ಹತ್ರ ತನಕ ತಡ್ಕೊಳ್ತದೆ, ಆಸಿಡ್ಡಿಗೆ ಹೆದರೂದಿಲ್ಲ, ಕೆಮಿಕಲ್ ಟ್ಯಾಂಕಿಗೆಲ್ಲ ಅದನ್ನೇ ಹಾಕೂದು. ಬೆಂಕಿ ಹಿಡಿಯದ ಜಾತಿದು ಸಿಕ್ಕಿದ್ರೆ ಇನ್ನೂ ಒಳ್ಳೇದು. ಚಿಲ್ಲರೆ ಸಿಗೂದು ಕಷ್ಟ, ಫೈಬರ್ ಬೋಟು ಕಟ್ಟೂ ಶೆಡ್ಡಿನವರ ಹತ್ರ ಒಂದು ಕೇಜಿ ಕೇಳಿ ತಗೊಳ್ಳಿ, ಮತ್ತೆ ಯಾವಾಗಿನ ಮಾಲು ಅಂತ ಕೇಳಿ, ಅದು ಕೆಲವೇ ತಿಂಗಳು ಇರೂದು, ಹಳೇದಾದ್ರೆ ಡಬ್ಬದಲ್ಲೇ ಹೆಪ್ಪಾಗ್ತದೆ.

ಮ್ಯಾಟ್ ಬಗ್ಗೆ ಒಂದು ವಿಷಯ. ಗಾಜಿನ ಚೂರು ನೂಲಿನ ಹಾಳೆ, ಅಂದ್ರೆ ಮ್ಯಾಟ್ ಬರ್ತದಲ್ಲ, ಅದರ ನೂಲುಗಳನ್ನ ಹಿಡಿದಿಡೂ ಅಂಟು ಪಾಲಿಯೆಸ್ಟರ್, ವಿನೈಲ್ ಎಸ್ಟರಿನಲ್ಲಿ ಇರೂ ಸ್ಟೈರೀನ್ ಅನ್ನೂ ದ್ರವಕ್ಕೆ ಕರಗ್ತದೆ. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ, ಆ ಮ್ಯಾಟ್ ಹಾಕಿದ್ರೆ ಕರಗದೆ ಗಟ್ಟಿಗಟ್ಟಿ ಉಳಿದು ಮೂಲೆಗೆ ಬಗ್ಗೂದೇ ಇಲ್ಲ. ಎಪಾಕ್ಸಿ ಆದ್ರೆ ನೇಯ್ದ ಬಟ್ಟೆ ಮಾತ್ರ ಹಾಕಿ.

ಈಗ ಮಿಕ್ಸಿಂಗ್, ಇದನ್ನ ನಿಧಾನ ಓದಿ. ನಮ್ಮ ಕಡೆ ರೆಸಿನ್ ಜೊತೆ ಅದನ್ನ ಗಟ್ಟಿ ಮಾಡ್ಲಿಕ್ಕೆ ಎರಡು ಬಾಟ್ಲಿ ಬರ್ತದೆ, ಒಂದು ನೇರಳೆ ಬಣ್ಣದ ಕೋಬಾಲ್ಟ್, ಇನ್ನೊಂದು ನೀರಿನ ಹಾಗೆ ಇರೂ ಹಾರ್ಡನರ್. ಇವೆರಡನ್ನ ಸೀದಾ ಒಂದಕ್ಕೊಂದು ಯಾವತ್ತೂ ಸೇರಿಸಬಾರದು, ಬೆಂಕಿ ಹತ್ತಿ ಸಿಡೀತದೆ. ಒಂದೇ ಚಮಚ, ಒಂದೇ ಮುಚ್ಚಳ ಎರಡಕ್ಕೂ ಬಳಸೂದೂ ಬೇಡ. ಮೊದ್ಲು ಕೋಬಾಲ್ಟನ್ನ ರೆಸಿನ್ನಿಗೆ ಹಾಕಿ ಪೂರಾ ಕಲಸಿ, ಬಣ್ಣ ಒಂದೇ ಸಮ ಆದ ಮೇಲೆ ಹಾರ್ಡನರ್. ಕೆಲವು ರೆಸಿನ್ನಿಗೆ ಕೋಬಾಲ್ಟ್ ಫ್ಯಾಕ್ಟರಿಯಲ್ಲೇ ಹಾಕಿರ್ತಾರೆ, ಕೇಳಿಕೊಳ್ಳಿ. ಹಾರ್ಡನರ್ ಕಣ್ಣಿಗೆ ಒಂದು ಹನಿ ಹಾರಿದ್ರೂ ಕಣ್ಣು ಹೋಗೂ ಅಪಾಯ ಇದೆ, ಕನ್ನಡಕ ಹಾಕ್ಕೊಂಡೇ ಸುರೀರಿ, ಹತ್ರ ಒಂದು ಬಕೆಟ್ ಸಿಹಿ ನೀರು ಇಟ್ಕೊಳ್ಳಿ, ಹಾರಿದ್ರೆ ಕಾಲು ಗಂಟೆ ಬಿಡದೆ ತೊಳೆದು ಆಸ್ಪತ್ರೆಗೆ ಹೋಗಬೇಕು.

ಅಳತೆ, 200 ಗ್ರಾಂ ರೆಸಿನ್ನಿಗೆ ಸುಮಾರು 3 ಎಂಎಲ್ ಹಾರ್ಡನರ್, ಅಂದ್ರೆ ನೂರಕ್ಕೆ ಒಂದೂವರೆ. ಮೆಡಿಕಲ್ ಶಾಪಿನ ಸೂಜಿ ಇಲ್ಲದ ಸಿರಿಂಜಿನಲ್ಲಿ ಅಳೀರಿ, ಅಂದಾಜಿಗೆ ಸುರಿಯೂದು ಬೇಡ. ಏಪ್ರಿಲ್ ಮೇ ಸೆಕೆಯಲ್ಲಿ ನೂರಕ್ಕೆ ಒಂದು ಸಾಕು, ಆದ್ರೆ ಒಂದಕ್ಕಿಂತ ಕಡಿಮೆ ಹಾಕಿದ್ರೆ ಅದು ಯಾವತ್ತೂ ಪೂರ್ತಿ ಗಟ್ಟಿ ಆಗೂದಿಲ್ಲ. ವಿನೈಲ್ ಎಸ್ಟರಿಗೆ ಮಾಮೂಲಿ ಹಾರ್ಡನರ್ ಹಾಕಿದಾಗ ಸೋಡಾ ಹಾಗೆ ಸಣ್ಣ ನೊರೆ ಏಳ್ತದೆ, ಒಂದೆರಡು ನಿಮಿಷ ಬಿಟ್ಟು ನೊರೆ ಇಳಿದ ಮೇಲೆ ಹಚ್ಚಿ. ಒಂದೇ ಸಲ ಒಂದು ಕೇಜಿ ಕಲಸಬೇಡಿ, ಡಬ್ಬದಲ್ಲಿ ರಾಶಿ ಇದ್ರೆ ಅದೇ ಕಾದು ಹೊಗೆ ಬರ್ತದೆ, ಅಗಲ ಬಟ್ಟಲಿನಲ್ಲಿ ಸ್ವಲ್ಪ ಸ್ವಲ್ಪ ಕಲಸಿ.

ಪದರ ಹಾಕೂದು. ಮ್ಯಾಟ್ ತುಂಡುಗಳನ್ನ ಮೊದಲೇ ಕೊಯ್ದು ಸಾಲಾಗಿ ಇಡಿ, ದೊಡ್ಡದರಿಂದ ಚಿಕ್ಕದಕ್ಕೋ ಚಿಕ್ಕದರಿಂದ ದೊಡ್ಡದಕ್ಕೋ ಅಂತ ವಾದ ಇದೆ, ನಾನು ದೊಡ್ಡ ತುಂಡು ಮೊದ್ಲು ಹಾಕ್ತೇನೆ, ಯಾಕಂದ್ರೆ ಹಳೇ ಫೈಬರಿಗೆ ಒಂದೇ ಅಖಂಡ ಪದರ ಪೂರಾ ಅಂಟಿಕೊಳ್ತದೆ. ಚದರ ಮೀಟರಿಗೆ 450 ಗ್ರಾಂ ತೂಗೂ ಮ್ಯಾಟ್ ಒಂದು ಪದರ ಹೆಚ್ಚುಕಡಿಮೆ 1 ಎಂಎಂ ಆಗ್ತದೆ, 5 ಎಂಎಂ ಗೋಡೆಗೆ ಐದು ಪದರ, ಮೇಲೆ ಇನ್ನೊಂದು. ನಡುವೆ ಒಂದು ಪದರ ನೇಯ್ದ ಬಟ್ಟೆ ಇದ್ರೆ ಬಲ ಜಾಸ್ತಿ. ಉಜ್ಜಿದ ಜಾಗಕ್ಕೆ ಮತ್ತೊಮ್ಮೆ ಅಸಿಟೋನ್ ಒರೆಸಿ, ಅದು ಪೂರ್ತಿ ಹಾರಿ ಹೋಗ್ಲಿ, ಆಮೇಲೆ ಬರೀ ರೆಸಿನ್ ಒಂದು ಕೈ ಹಚ್ಚಿ, ಅದರ ಮೇಲೆ ಮ್ಯಾಟ್ ಇಡಿ. ಬ್ರಷ್ಷನ್ನ ಎಳೀಬೇಡಿ, ಎಳೆದ್ರೆ ನೂಲು ಕಿತ್ತು ಬರ್ತದೆ, ಕುಕ್ಕಿ ಕುಕ್ಕಿ ಹಚ್ಚಿ. ಮ್ಯಾಟು ಮೊದ್ಲು ಹತ್ತಿ ಹಾಗೆ ಬಿಳಿ ಇರ್ತದೆ, ರೆಸಿನ್ ಕುಡಿದ ಹಾಗೆ ಬಿಳಿ ಹೋಗಿ ಕೆಳಗಿನ ಪೆನ್ಸಿಲ್ ಗೆರೆ ಕಾಣ್ಲಿಕ್ಕೆ ಶುರು ಆಗ್ತದೆ, ಗೆರೆ ಸ್ಪಷ್ಟ ಕಂಡ್ರೆ ಆ ಪದರ ಆಯ್ತು. ಆಮೇಲೆ ಕಬ್ಬಿಣದ ಹಲ್ಲಿನ ರೋಲರ್ ನಡುವಿಂದ ಹೊರಗೆ ಓಡಿಸಿ, ಗಾಳಿ ಗುಳ್ಳೆ ಚಟ್ ಚಟ್ ಅಂತ ಅಂಚಿಗೆ ಬಂದು ಒಡೀತದೆ. ಮೂರು ಪದರ ಆದ ಮೇಲೆ ನಿಲ್ಲಿಸಿ, ಬಿಸಿ ಏರಿ ಇಳಿಯೂ ತನಕ ಕಾಯಿರಿ, ಎಲ್ಲ ಒಟ್ಟಿಗೆ ಹಾಕಿದ್ರೆ ಕಾದು ಒಳಗೇ ಬಿರೀತದೆ. ಕೈಗೆ ಅಂಟಂಟು ಇರೂವಾಗಲೇ ಉಳಿದ ಪದರ ಹಾಕಿದ್ರೆ ಉಜ್ಜೂ ಕೆಲಸ ಇಲ್ಲ. ಕೊನೇ ಪದರದ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಕೈಯಲ್ಲಿ ನೀವಿ ಬಿಡಿ, ಗಾಳಿ ತಾಗದಿದ್ರೆ ಮೇಲ್ಮೈ ಅಂಟು ಉಳಿಯೂದಿಲ್ಲ.

ಕುತ್ತಿಗೆ ಸೀಳಿದ್ರೆ ಒಂದು ವಿಷಯ ಮರೀಬೇಡಿ. ಹೋಸ್ ಕೂರೂ ಜಾಗದ ಹೊರಗೆ ಪದರ ಹಾಕಿದ್ರೆ ಪೈಪು ದಪ್ಪ ಆಗಿ ಹೋಸು ಏರೂದೇ ಇಲ್ಲ. ಅಲ್ಲಿ ಹೊರಗಿಂದ ಬರೇ ಮೂಲೆಗೆ, ಅಂದ್ರೆ ಪೈಪು ಡಬ್ಬಿಗೆ ಸೇರೂ ಕಡೆ, ರೆಸಿನ್ನಿಗೆ ಕೊಯ್ದ ನೂಲು ಕಲಸಿ ಬೆರಳಿನ ಹಾಗೆ ದುಂಡಗೆ ತುಂಬಿ, ಅದರ ಮೇಲೆ ಪದರ ಹಾಕಿ ಹೋಸ್ ಕೂರೂ ಗೆರೆಗೆ ನಿಲ್ಲಿಸಿ. ಉಳಿದ ಬಲ ಪೈಪಿನ ಒಳಗಿಂದ ಕೊಡಬೇಕು. ಒಳಗೆ ಪದರ ಒತ್ತಿ ಹಿಡೀಲಿಕ್ಕೆ ಸೈಕಲ್ ಟ್ಯೂಬಿನ ತುಂಡಿಗೆ ಪ್ಲಾಸ್ಟಿಕ್ ಸುತ್ತಿ ಒಳಗೆ ಇಟ್ಟು ಗಾಳಿ ಹಾಕೂದು, ಅಂಕೋಲಾದ ಅವರು ಹೇಳಿಕೊಟ್ಟ ಉಪಾಯ ಇದು, ಗಟ್ಟಿ ಆದ ಮೇಲೆ ಗಾಳಿ ಬಿಟ್ರೆ ಟ್ಯೂಬು ಸುಲಭ ಹೊರಗೆ ಬರ್ತದೆ. ಆದ್ರೆ ಒಳಗೆ ಎರಡು ಪದರಕ್ಕಿಂತ ಜಾಸ್ತಿ ಬೇಡ, ಹೊಗೆಯ ದಾರಿ ಸಣ್ಣ ಆದ್ರೆ ಇಂಜಿನ್ನಿಗೆ ಹಿಂದೊತ್ತಡ.

ಮಳೆಗಾಲದಲ್ಲಿ ಈ ಕೆಲಸ ಮಾಡೂದು ಕಷ್ಟ. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ಬಂದ್, ಬೋಟುಗಳೆಲ್ಲ ದಡದಲ್ಲಿ, ಹಾಗಾಗಿ ರಿಪೇರಿನೂ ಆವಾಗಲೇ ಅಂತ ಜನ ಇಟ್ಕೊಳ್ತಾರೆ, ಆದ್ರೆ ನಮ್ಮ ಕರಾವಳಿಯ ಆಷಾಢದಲ್ಲಿ ಉಪ್ಪಿನ ಡಬ್ಬಿಯೇ ನೀರಾಗ್ತದೆ, ರೆಸಿನ್ ಹೇಗೆ ಹಿಡೀತದೆ. ಸಾಧ್ಯ ಇದ್ರೆ ಮೇ ತಿಂಗಳಲ್ಲೇ ಮುಗಿಸಿ. ಆಗಲೇ ಇಲ್ಲಾಂದ್ರೆ ಮುಚ್ಚಿದ ಕೋಣೆಯಲ್ಲಿ 100 ವ್ಯಾಟಿನ ಹಳೇ ಬಲ್ಬು ಎರಡು ಉರಿಸಿ, ಒಂದು ದಿನ ಮೊದಲೇ ಕೋಣೆ ಒಣಗಿಸಿ, ರೆಸಿನ್ ಬಿಚ್ಚೂ ಮೊದ್ಲು ಬಲ್ಬು ಆರಿಸಿ, ಸ್ಟೈರೀನ್ ಮತ್ತೆ ಅಸಿಟೋನ್ ಎರಡೂ ಬೆಂಕಿ ಹಿಡಿಯೂ ಮಾಲು. ಕೆಲಸ ಮಾಡೂವಾಗ ಕಿಟಕಿ ತೆಗೀರಿ, ಗಟ್ಟಿ ಆಗಿ ವಾಸನೆ ಹೋದ ಮೇಲೆ ಬಲ್ಬು ಮತ್ತೆ ಹಾಕಿ. ಬೇಸಿಗೆಯಲ್ಲಾದ್ರೆ ಮರುದಿನ ಡಬ್ಬಿಯನ್ನ ಕಪ್ಪು ತಾಡಪತ್ರಿ ಒಳಗೆ ಇಟ್ಟು ಎರಡು ಮೂರು ದಿನ ಬಿಸಿಲಿಗೆ ಬಿಡಿ, ಮುಟ್ಟಲಿಕ್ಕೆ ಆಗದಷ್ಟು ಕಾಯ್ತದೆ, ಹಾಗೆ ಕಾದ ರೆಸಿನ್ ಮುಂದೆ ಬಿಸಿ ತಡೆಯೂ ಶಕ್ತಿ ಜಾಸ್ತಿ. ಇಂಜಿನ್ನಿಗೆ ಹಾಕೂದು ಕಡಿಮೆ ಅಂದ್ರೆ ಒಂದು ವಾರ ಬಿಟ್ಟು.

ಹಾಕೂ ಮೊದ್ಲು ಟೆಸ್ಟ್. ಕಂಪ್ರೆಸರ್ ಗಾಳಿ ಹಾಕಬೇಡಿ, ಒಡೆದು ಮೈಗೆ ಹಾರ್ತದೆ. ಗಾರೆ ಕೆಲಸದವರು ನೀರು ತುಂಬಿಸಿ ಮಟ್ಟ ನೋಡೂ ಪಾರದರ್ಶಕ ಲೆವೆಲ್ ಪೈಪು ತಗೊಳ್ಳಿ. ಡಬ್ಬಿಯ ತಳದ ಡ್ರೈನ್ ತೂತಿಗೆ ಲೆವೆಲ್ ಪೈಪು ಜೋಡಿಸಿ, ಪೈಪನ್ನ ಐದು ಫೂಟು ಮೇಲಕ್ಕೆ ಗೋಡೆಗೆ ಕಟ್ಟಿ, ಡಬ್ಬಿ ಪೂರ್ತಿ ನೀರು ತುಂಬಿಸಿ, ಎರಡೂ ಬಾಯಿಗೆ ಹೋಸ್ ತುಂಡು, ಮರದ ಬಿರಡೆ, ಕ್ಲಿಪ್ ಹಾಕಿ ಬಂದ್ ಮಾಡಿ, ಆಮೇಲೆ ಪೈಪಿನಲ್ಲಿ ಐದು ಫೂಟಿನ ತನಕ ನೀರು ಹಾಕಿ. ಐದು ಫೂಟು ನೀರಿನ ಕಂಬ ಅಂದ್ರೆ ಹತ್ರ ಹತ್ರ 2 ಪಿಎಸ್ಐ ಒತ್ತಡ, ಸೈಲೆನ್ಸರಿನ ಒಳಗೆ ಇಂಜಿನ್ ಕೊಡೂ ಒತ್ತಡ ಸಾಮಾನ್ಯ ಇದೇ ಆಸುಪಾಸು. ಪೈಪಿನ ಮೇಲೆ ನೀರು ಇರೂ ಕಡೆ ಪೆನ್ನಿನ ಗುರುತು ಹಾಕಿ, ಡಬ್ಬಿ ಕೆಳಗೆ ಪೇಪರ್ ಹಾಸಿ, ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ. ನಮ್ಮದರ ಮೊದಲನೇ ಸಲ ಪೇಪರ್ ಮೇಲೆ ರೂಪಾಯಿ ಅಗಲದ ಒಂದು ಒದ್ದೆ ಇತ್ತು, ಪದರದ ಅಂಚಿನ ಒಂದು ಗುಳ್ಳೆಯಿಂದ, ಅಷ್ಟು ಜಾಗ ಮತ್ತೆ ಉಜ್ಜಿ ಮತ್ತೆ ಹಾಕಿದೆ.

ವಾಪಸ್ ಕೂರಿಸೂವಾಗ ಕಾರಣ ಸರಿ ಮಾಡದೆ ಕೂರಿಸಬೇಡಿ. ಡಬ್ಬಿ ತಳಕ್ಕೆ ದಪ್ಪ ರಬ್ಬರ್ ಹಾಳೆ, ಮೇಲೆ ಅಗಲ ಪಟ್ಟಿ. ಎಲ್ಬೋದಿಂದ ಬರೂ ಹೋಸಿಗೆ ಬೇರೆ ಆಧಾರ, ಕುತ್ತಿಗೆ ಮೇಲೆ ಅದರ ಭಾರ ಬೀಳಬಾರದು. ಪ್ರತಿ ಬಾಯಿಗೆ ಎರಡು ಸ್ಟೇನ್‌ಲೆಸ್ ಕ್ಲಿಪ್, ಸ್ಕ್ರೂ ಬೇರೆ ಬೇರೆ ದಿಕ್ಕಿಗೆ, ಬಿಗಿ ಅಂದ್ರೆ ಹೋಸು ತಿರುಗದಷ್ಟು, ರಬ್ಬರ್ ಕ್ಲಿಪ್ಪಿನಿಂದ ಉಬ್ಬಿ ಬರೂ ಹಾಗೆ ಅಲ್ಲ. ಇಂಪೆಲ್ಲರ್ ತೆಗೆದು ರೆಕ್ಕೆ ಎಣಿಸಿ, ಒಂದು ಮುರಿದಿದ್ರೂ ಹೊಸದು ಹಾಕಿ, ಮುರಿದ ತುಂಡು ಹೀಟ್ ಎಕ್ಸ್‌ಚೇಂಜರಿನ ಬಾಯಲ್ಲಿ ಕೂತಿರ್ತದೆ, ಅದನ್ನ ಹುಡುಕಿ ತೆಗೀಲೇಬೇಕು. ಜಾಲರಿಯನ್ನ ನಾನು ಈಗ ದಿನಾ ಬೆಳಿಗ್ಗೆ ತೊಳೀತೇನೆ. ಎಲ್ಬೋ ಆದ ತಕ್ಷಣದ ಹೋಸಿನ ಮೇಲೆ ಕಟ್ಟೂ ಟೆಂಪರೇಚರ್ ಅಲಾರಂ ಸಿಗ್ತದೆ, ನೀರು ನಿಂತ ಕೆಲವೇ ಸೆಕೆಂಡಿನಲ್ಲಿ ಕೂಗ್ತದೆ, ಹೊಸ ಸೈಲೆನ್ಸರಿನ ರೇಟಿಗೆ ಹೋಲಿಸಿದ್ರೆ ಏನೂ ಅಲ್ಲ, ಅದೊಂದು ಹಾಕಿಸಿಬಿಡಿ.

ಮತ್ತೆ ಇಂಜಿನ್ ಚಾಲೂ ಆಗ್ತಾ ಇಲ್ಲ ಅಂತ ಸೆಲ್ಫ್ ಹೊಡೀತಾನೇ ಇರ್ತಾರಲ್ಲ, ಅದು ತುಂಬಾ ಕೆಟ್ಟದ್ದು. ಪಂಪು ನೀರು ಕಳಿಸ್ತಾ ಇರ್ತದೆ, ಹೊರಗೆ ದೂಡ್ಲಿಕ್ಕೆ ಹೊಗೆ ಇಲ್ಲ, ಸೈಲೆನ್ಸರ್ ತುಂಬಿ ನೀರು ಸಿಲಿಂಡರಿಗೆ ಹೋಗ್ತದೆ. ಮೂರ್ನಾಲ್ಕು ಸಲಕ್ಕೆ ಆಗದಿದ್ರೆ ತಳದ ವಾಲ್ವ್ ಬಂದ್ ಮಾಡಿ, ಸೈಲೆನ್ಸರಿನ ನೀರು ಡ್ರೈನ್ ಮಾಡಿ ಆಮೇಲೆ ಹೊಡೀರಿ, ಇಂಜಿನ್ ಹಿಡಿದ ಕ್ಷಣಕ್ಕೆ ವಾಲ್ವ್ ಬಿಡಿ.

ಮೊದಲ ಸಲ ಜನ ಇಲ್ಲದೆ ಓಡಿಸಿ, ದಡಕ್ಕೆ ಕಟ್ಟಿಯೇ ಹತ್ತು ನಿಮಿಷ, ಒಬ್ರು ಹಿಂದೆ ನಿಂತು ನೀರು ಬೀಳೂದು ನೋಡ್ತಾ ಇರ್ಲಿ. ಹೋಸನ್ನ ಕೈಯಲ್ಲಿ ಹಿಡ್ಕೊಳ್ಳಿಕ್ಕೆ ಆಗಬೇಕು, ಕೈ ಸುಟ್ರೆ ನೀರು ಸಾಲ್ತಾ ಇಲ್ಲ. ಆಮೇಲೆ ನದಿಯಲ್ಲಿ ಪೂರ್ತಿ ಲೋಡಿನಲ್ಲಿ ಅರ್ಧ ತಾಸು. ಬಂದು ಇಂಜಿನ್ ಬಂದ್ ಮಾಡಿ, ಒಣ ಬನಿಯನ್ ವೇಸ್ಟಿನಿಂದ ಹೊಸ ಪದರದ ಅಂಚು ಸುತ್ತಲೂ ಒರೆಸಿ ನೋಡಿ, ಬಟ್ಟೆ ಮೇಲೆ ಮಸಿ ಬರಬಾರದು. ಹತ್ತು ತಾಸು ಓಡಿದ ಮೇಲೆ ಕ್ಲಿಪ್ಪನ್ನ ಇನ್ನೊಮ್ಮೆ ಬಿಗಿ ನೋಡಿ, ನಾಣ್ಯ ತಗೊಂಡು ಪದರದ ಮೇಲೆ ತಟ್ಟಿ, ಟಣ್ ಅಂತ ಬಂದ್ರೆ ಜನ ಹತ್ತಿಸಿ.